ಮಸ್ಕತ್‌ಗೆ ಹೋದರೆ ಬಿಸಿನೀರಿನ ಬುಗ್ಗೆಗೂ ಹೋಗಿ ಬನ್ನಿ: ನಖಲ್, ರುಸ್ತಾಕ್ ಪ್ರವಾಸದ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆ ಗಲ್ಫಿನಲ್ಲಿ ಮಗನೋ ಮಗಳೋ ಅಳಿಯನೋ ಇರುವ ಮನೆಗಳು ಬೀದಿಗೊಂದಾದರೂ ಸಿಗುತ್ತವೆ. ಅಪ್ಪ ಅಮ್ಮ ವಿಸಿಟ್ ವೀಸಾದಲ್ಲಿ ಒಮಾನಿನ ಮಸ್ಕತ್‌ಗೆ ಹೋಗುತ್ತಾರೆ, ಒಂದು ತಿಂಗಳು ಇರುತ್ತಾರೆ, ದೊಡ್ಡ ಮಸೀದಿ ನೋಡುತ್ತಾರೆ, ಮತ್ರಾಹ್ ಸೂಕ್‌ನಲ್ಲಿ ಸುತ್ತುತ್ತಾರೆ, ಮಾಲ್‌ಗಳಲ್ಲಿ ಕಾಲು ನೋವು ಮಾಡಿಕೊಳ್ಳುತ್ತಾರೆ, ವಾಪಸ್ ಬರುತ್ತಾರೆ. ಅಲ್ಲಿಂದ ಒಂದೂಕಾಲು ಗಂಟೆಯ ದಾರಿಯಲ್ಲಿ, ಹುಲ್ಲೂ ಬೆಳೆಯದ ಕಲ್ಲುಬೆಟ್ಟದ ಬುಡದಲ್ಲಿ, ನೆಲದಿಂದ ತಾನಾಗಿ ಬಿಸಿನೀರು ಉಕ್ಕುವ ಜಾಗ ಉಂಟು ಅಂತ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಅದನ್ನು ನೋಡದೆ ಬರಬೇಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ಮುಖ್ಯವಾಗಿ ಎರಡು ಬುಗ್ಗೆಗಳ ಬಗ್ಗೆ. ಒಂದು ನಖಲ್ ಊರಿನ ಐನ್ ಅಲ್ ಥವಾರಾ. ಇನ್ನೊಂದು ರುಸ್ತಾಕ್ ಊರಿನ ಐನ್ ಅಲ್ ಕಸ್ಫಾ. ಎರಡನ್ನೂ ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ವಯಸ್ಸಾದವರು ಜೊತೆಗಿದ್ದರೆ ನಖಲ್ ಒಂದೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಒಂದು ಮಾತು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಈ ನೀರು ಪ್ರವಾಸಿಗರಿಗಾಗಿ ಹರಿಯುತ್ತಿಲ್ಲ. ಇದು ಆ ಊರಿನ ಖರ್ಜೂರದ ತೋಟದ ನೀರು, ಮಸೀದಿಯ ನೀರು, ಮನೆಯ ನೀರು. ನಾವು ಅದರಲ್ಲಿ ಸ್ವಲ್ಪ ಹೊತ್ತು ಕಾಲು ಇಳಿಬಿಟ್ಟು ಬರುವ ಅತಿಥಿಗಳು. ಏನು ಹಾಕಿಕೊಳ್ಳಬೇಕು, ಎಲ್ಲಿ ಇಳಿಯಬೇಕು, ಸೋಪು ಯಾಕೆ ಬೇಡ ಅನ್ನುವುದೆಲ್ಲ ಈ ಒಂದು ಮಾತಿನಿಂದಲೇ ಬರುತ್ತದೆ.

ಹೋಗುವ ಮುಂಚೆ: ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಮರುಭೂಮಿ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಒಂಟೆ ಮತ್ತು ಮರಳಿನ ದಿಬ್ಬ. ನಖಲ್‌ನಲ್ಲಿ ಅದಿಲ್ಲ. ಒಮಾನಿನ ಆ ಮರಳು ಬೇರೆ ದಿಕ್ಕಿನಲ್ಲಿ, ಶರ್ಕಿಯಾ ಕಡೆ ಇದೆ. ಇಲ್ಲಿರುವುದು ಹಜರ್ ಬೆಟ್ಟಸಾಲು. ಕಂದು, ಕಪ್ಪು, ಬೂದು ಬಣ್ಣದ ಬೋಳು ಬೆಟ್ಟಗಳು. ಪಶ್ಚಿಮ ಘಟ್ಟದ ಹಸಿರು ನೋಡಿ ಬೆಳೆದವರಿಗೆ ಮೊದಲ ಸಲ ಸ್ವಲ್ಪ ಗಾಬರಿಯೇ ಆಗುತ್ತದೆ. ಆ ಬೆಟ್ಟದ ಬುಡದಲ್ಲಿ ದಟ್ಟವಾಗಿ ಖರ್ಜೂರದ ಮರಗಳು, ಅದರ ಮಧ್ಯೆ ಬೆಚ್ಚಗಿನ ನೀರಿನ ಸಣ್ಣ ಹೊಳೆ.

ರೆಸಾರ್ಟ್ ಇಲ್ಲ. ಈಜುವಷ್ಟು ಆಳ ಇಲ್ಲ. ನೀರು ಹೆಚ್ಚಿನ ಕಡೆ ಮೊಣಕಾಲಿನ ಆಚೀಚೆ, ಮಕ್ಕಳು ಕೂತು ಆಡುವಷ್ಟು. ಬೆಂಗಳೂರಿನ ಸ್ಪಾ ಥರ ಏನೋ ಇರುತ್ತದೆ ಅಂತ ಕಲ್ಪಿಸಿಕೊಂಡು ಹೋದವರು ಬೇಸರ ಪಡುತ್ತಾರೆ. ಹಳ್ಳಿಯ ಹೊಳೆ ಬದಿಗೆ ಬುತ್ತಿ ಕಟ್ಟಿಕೊಂಡು ಹೋಗುವ ಮನಸ್ಸಿನಿಂದ ಹೋದವರಿಗೆ ಬಹಳ ಖುಷಿಯಾಗುತ್ತದೆ.

ನೀರು ಬಿಸಿ ಯಾಕೆ?

ಅಲ್ಲಿ ಜ್ವಾಲಾಮುಖಿ ಏನೂ ಇಲ್ಲ, ಹೆದರಬೇಡಿ. ಭೂಮಿಯ ಒಳಗೆ ಹೋದಷ್ಟೂ ಬಿಸಿ ಜಾಸ್ತಿ, ಸಾಮಾನ್ಯವಾಗಿ ಪ್ರತಿ ಕಿಲೋಮೀಟರ್ ಆಳಕ್ಕೆ 25ರಿಂದ 30 ಡಿಗ್ರಿಯಷ್ಟು ಏರುತ್ತದೆ. ಹಜರ್ ಬೆಟ್ಟದ ಎತ್ತರದ ಭಾಗದಲ್ಲಿ ಸುಣ್ಣಕಲ್ಲು ಇದೆ, ಅದರ ಬಿರುಕಿನಲ್ಲಿ ಮಳೆನೀರು ಆಳಕ್ಕೆ ಇಳಿದು ಕಾಯುತ್ತದೆ. ಬೆಟ್ಟದ ಬುಡದಲ್ಲಿ ಆ ಸುಣ್ಣಕಲ್ಲಿಗೆ ಇನ್ನೊಂದು ಬಗೆಯ ಕಪ್ಪು ಕಲ್ಲು ಅಡ್ಡ ಬರುತ್ತದೆ. ಅದು ಸುಮಾರು 9.5 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳವಾಗಿದ್ದ ಕಲ್ಲು, ಭೂಮಿಯ ತಳ್ಳಾಟದಲ್ಲಿ ಮೇಲೆ ಬಂದು ಕೂತಿದೆ. ಮುಂದೆ ಹೋಗಲು ದಾರಿ ಇಲ್ಲದ ನೀರು ಎರಡು ಕಲ್ಲು ಸೇರುವಲ್ಲಿ ಬಿರುಕು ಹುಡುಕಿಕೊಂಡು ಮೇಲೆ ಬರುತ್ತದೆ, ತಣಿಯಲು ಸಮಯ ಸಿಗದೆ ಬಿಸಿಯಾಗಿಯೇ ಹೊರಗೆ ಬೀಳುತ್ತದೆ. ನಖಲ್, ರುಸ್ತಾಕ್ ಎರಡೂ ಊರು ಈ ಗೆರೆಯ ಮೇಲೆಯೇ ಇವೆ. ದಾರಿಯಲ್ಲಿ ಬೆಟ್ಟದ ಬಣ್ಣ ಬದಲಾಗುವುದನ್ನು ಗಮನಿಸಿ. ಇದು ಗೊತ್ತಿದ್ದರೆ ಕಾರಿನ ಕಿಟಕಿಯಿಂದಲೇ ಅರ್ಧ ಕತೆ ಕಾಣುತ್ತದೆ.

ಹಂತ 1: ತಿಂಗಳು ಮತ್ತು ವಾರ ಆರಿಸುವುದು

ನವೆಂಬರ್‌ನಿಂದ ಮಾರ್ಚ್ ತನಕ ಒಳ್ಳೆಯ ಕಾಲ. ಏಪ್ರಿಲ್ ಕಳೆದರೆ ಬಿಸಿಲು ಸುಡುತ್ತದೆ, ಜೂನ್–ಜುಲೈಯಲ್ಲಿ 45 ಡಿಗ್ರಿ ದಾಟುವುದು ಅಪರೂಪ ಅಲ್ಲ. ನಮ್ಮಲ್ಲಿ ಶಾಲೆಗೆ ರಜೆ ಅಂತ ಏಪ್ರಿಲ್–ಮೇಯಲ್ಲಿ ಟಿಕೆಟ್ ಮಾಡುತ್ತೇವೆ ಅಲ್ವಾ, ಬುಗ್ಗೆ ನೋಡುವ ಆಸೆ ಇದ್ದರೆ ಆ ಲೆಕ್ಕ ಬಿಟ್ಟು ಕ್ರಿಸ್ಮಸ್ ರಜೆಗೆ ಹೊಂದಿಸಿ. ಹೊರಗೆ ಸೆಖೆ, ಒಳಗೆ ಬಿಸಿನೀರು, ಎರಡೂ ಸೇರಿದರೆ ಮೈ ತಡೆಯುವುದಿಲ್ಲ.

ವಾರದಲ್ಲಿ ಭಾನುವಾರದಿಂದ ಗುರುವಾರದೊಳಗೆ ಒಂದು ದಿನ ಆರಿಸಿ. ಒಮಾನಿನಲ್ಲಿ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆ ಸುತ್ತಮುತ್ತಲಿನ ಊರಿನ ಸಂಸಾರಗಳೆಲ್ಲ ಚಾಪೆ, ಒಲೆ, ಮಾಂಸ ಹಿಡಿದು ಬಂದು ಕೂರುತ್ತವೆ. ಅದೂ ನೋಡಲು ಚಂದವೇ, ಆದರೆ ನಿಮಗೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಅದೂ ಅಲ್ಲದೆ ಅದು ಅವರ ದಿನ, ಅವರಿಗೆ ಬಿಟ್ಟುಬಿಡುವುದು ಒಳ್ಳೆಯದು. ಮಗನಿಗೆ ವಾರದ ಮಧ್ಯೆ ರಜೆ ಸಿಗದಿದ್ದರೆ ಶನಿವಾರ ಬೆಳಿಗ್ಗೆ ಬೇಗ ಹೊರಡಿ, ಹತ್ತು ಗಂಟೆಯೊಳಗೆ ನೀರಿನ ಬಳಿ ಇರಿ.

ರಂಜಾನ್ ತಿಂಗಳು ಯಾವಾಗ ಅಂತಲೂ ನೋಡಿಕೊಳ್ಳಿ. ಈಗಿನ ವರ್ಷಗಳಲ್ಲಿ ಅದು ಚಳಿಗಾಲದ ಕೊನೆಗೇ ಬರುತ್ತಿದೆ. ಆಗ ಹಗಲು ಹೊತ್ತು ಹೊರಗೆ ಯಾರ ಎದುರೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಬೇರೆ ಧರ್ಮದವರಿಗೂ ಇದೇ ನಿಯಮ. ಬಿಸಿನೀರಿನಿಂದ ಎದ್ದು ನೀರು ಕುಡಿಯದೆ ಇರುವುದು ಆಗದ ಮಾತು. ಹಾಗಾಗಿ ಆ ತಿಂಗಳು ಬಿಟ್ಟು ಯೋಜನೆ ಮಾಡಿ.

ಹಂತ 2: ಮೈ ತಯಾರಿ

ಇದನ್ನು ಹಾರಿಸಿ ಮುಂದೆ ಓದಬೇಡಿ ಮಾರಾಯ್ರೆ, ಹೋಗುವವರಲ್ಲಿ ಅರ್ಧ ಜನ ಅರುವತ್ತು ದಾಟಿದವರು.

ಬಿಸಿನೀರಿನಲ್ಲಿ ಕೂತರೆ ರಕ್ತನಾಳಗಳು ಹಿಗ್ಗುತ್ತವೆ, ಬಿಪಿ ಇಳಿಯುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ ಇಳಿಯಬಹುದು. ಕೂತಿರುವಾಗ ಗೊತ್ತಾಗುವುದಿಲ್ಲ, ಥಟ್ಟನೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ. ಸುತ್ತ ಇರುವುದು ಜಾರುವ ಕಲ್ಲು. ಹೃದಯದ ತೊಂದರೆ ಇರುವವರು ಹೊರಡುವ ಮುಂಚೆ ಊರಿನ ಡಾಕ್ಟರನ್ನು ಕೇಳಿಯೇ ಹೋಗಿ.

ಸಕ್ಕರೆ ಕಾಯಿಲೆ ಹಳೆಯದಾದರೆ ಕಾಲಿನ ಸ್ಪರ್ಶ ಕಮ್ಮಿಯಾಗಿರುತ್ತದೆ. ನೀರು ಸುಡುತ್ತಿದೆಯೋ ಇಲ್ಲವೋ ಪಾದಕ್ಕೆ ತಿಳಿಯುವುದಿಲ್ಲ. ಅಂಥವರು ಮೊದಲು ಮೊಣಕೈ ಮುಳುಗಿಸಿ ನೋಡಲಿ, ಅಥವಾ ಜೊತೆಯವರು ನೋಡಿ ಹೇಳಲಿ. ಪಾದದಲ್ಲಿ ಗಾಯ, ಬಿರುಕು ಇದ್ದರೆ ಇಳಿಯಲೇ ಬೇಡಿ. ಬಸುರಿಯರು ಮೈಮುಳುಗಿಸಿ ಕೂರುವುದು ಬೇಡ. ತೀರಾ ಸಣ್ಣ ಮಕ್ಕಳಿಗೂ ಬೇಡ, ಅವರ ಮೈ ನಮಗಿಂತ ಬೇಗ ಕಾಯುತ್ತದೆ.

ನಿಮ್ಮ ಮೈಗೆ ಬೆಚ್ಚಗಿನ ಬುಗ್ಗೆ ಹಿಡಿಸುತ್ತದೋ ಇಲ್ಲವೋ ಊರಿನಲ್ಲೇ ನೋಡಬಹುದು. ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರ್‌ತೀರ್ಥ ಇದೆ, ಸೀರೆ ಅನ್ನುವ ಹೊಳೆಯ ಬದಿಯಲ್ಲಿ. ಮಂಗಳೂರಿನಿಂದ ಪುತ್ತೂರಿಗೆ ಐವತ್ತು ಕಿಲೋಮೀಟರ್ ಚಿಲ್ಲರೆ, ಅಲ್ಲಿಂದ ಪಾಣಾಜೆ ರಸ್ತೆಯಲ್ಲಿ ಮತ್ತೆ ಹದಿನೈದು ಕಿಲೋಮೀಟರ್ ಆಸುಪಾಸು. ಗಂಧಕದ ವಾಸನೆ ಹೇಗಿರುತ್ತದೆ, ಅದು ನಿಮಗೆ ತಲೆನೋವು ತರಿಸುತ್ತದೆಯೋ ಅನ್ನುವುದು ಅಲ್ಲಿ ಗೊತ್ತಾಗಿಬಿಡುತ್ತದೆ. ಇಷ್ಟು ಹತ್ತಿರ ಇದ್ದೂ ನೋಡದವರೇ ಜಾಸ್ತಿ.

ಹಂತ 3: ಕಾಗದಪತ್ರ, ಮದ್ದು, ಊರಿನಿಂದ ತರುವ ಗಂಟು

ವೀಸಾವನ್ನು ರಾಯಲ್ ಒಮಾನ್ ಪೊಲೀಸರ ಇ-ವೀಸಾ ಜಾಲತಾಣದಲ್ಲೇ ಮಾಡಿಸಿ. ನಿಯಮ ಆಗಾಗ ಬದಲಾಗುವುದರಿಂದ ಪಕ್ಕದ ಮನೆಯವರು ಹೋದ ವರ್ಷ ಮಾಡಿದ್ದು ಈ ವರ್ಷಕ್ಕೆ ಸರಿ ಅಂತ ಇಟ್ಟುಕೊಳ್ಳಬೇಡಿ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಮಂಗಳೂರಿನ ಬಜ್ಪೆ ನಿಲ್ದಾಣದಿಂದ ಮಸ್ಕತ್‌ಗೆ ನೇರ ವಿಮಾನ ಸಿಗುವ ಕಾಲ ಇರುತ್ತದೆ, ಸಿಗದಿದ್ದರೆ ಬೆಂಗಳೂರು ಅಥವಾ ಮುಂಬೈ ಮೂಲಕ ಹೋಗಬೇಕು. ಒಮಾನಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ.

ಮದ್ದುಗಳನ್ನು ಡಾಕ್ಟರ ಚೀಟಿಯ ಜೊತೆ, ಅಂಗಡಿಯ ಪ್ಯಾಕಿಂಗ್‌ನಲ್ಲೇ ಇಟ್ಟುಕೊಳ್ಳಿ. ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಟ್ರಮಾಡಾಲ್, ಕೋಡೀನ್ ಇರುವ ನೋವಿನ ಮತ್ತು ಕೆಮ್ಮಿನ ಮದ್ದಿನ ಬಗ್ಗೆ ಗಲ್ಫ್ ದೇಶಗಳಲ್ಲಿ ಬಹಳ ಬಿಗಿ. ಹಾಗೆಯೇ ಗಸಗಸೆ. ಪಾಯಸಕ್ಕೆ, ಮಸಾಲೆಗೆ ಅಂತ ಅಮ್ಮಂದಿರು ಚೀಲದಲ್ಲಿ ಒಂದು ಸಣ್ಣ ಪೊಟ್ಟಣ ಸೇರಿಸಿಬಿಡುತ್ತಾರೆ. ಯುಎಇ ಸೇರಿದಂತೆ ಆ ಕಡೆ ಅದಕ್ಕೆ ನಿಷೇಧ ಇದೆ, ಜೈಲಿಗೆ ಹೋಗುವ ಪರಿಸ್ಥಿತಿಯೂ ಬರಬಹುದು. ತೆಗೆದು ಹೊರಗಿಡಿ.

ಹಂತ 4: ಆ ದಿನದ ಬಟ್ಟೆ ಮತ್ತು ಚೀಲ

ಗಂಡಸರಿಗೆ ಮೊಣಕಾಲು ಮುಚ್ಚುವ ಚಡ್ಡಿ, ಮೇಲೆ ಟೀ ಶರ್ಟ್. ಬರಿ ಮೈಯಲ್ಲಿ ನಿಲ್ಲುವುದು, ನಮ್ಮ ಕೆರೆಯಲ್ಲಿ ಹೇಗೋ ಹಾಗೆ ಬೈರಾಸು ಸುತ್ತಿಕೊಂಡು ಓಡಾಡುವುದು ಅಲ್ಲಿ ಬೇಡ. ಹೆಂಗಸರಿಗೆ ಉದ್ದ ಕೈಯ ಸಡಿಲ ಕುರ್ತಾ, ಲೆಗ್ಗಿಂಗ್ಸ್ ಅಥವಾ ಚೂಡಿದಾರ ಸರಿ. ಗಾಢ ಬಣ್ಣದ್ದು ಹಾಕಿ, ತೆಳು ಬಿಳಿ ಬಟ್ಟೆ ಚಂಡಿಯಾದರೆ ಕಿರಿಕಿರಿ. ಸೀರೆ ಉಟ್ಟು ನೀರಿಗೆ ಇಳಿಯುವ ಅಜ್ಜಿಯರು ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟರೆ ಸಾಕು, ನೆರಿಗೆ ಕಾಲಿಗೆ ಸುತ್ತಿಕೊಂಡರೆ ಅಪಾಯ. ಇದು ಬರಿ ಅವರ ದೇಶದ ನಿಯಮಕ್ಕೆ ತಲೆಬಾಗುವ ವಿಷಯ ಅಲ್ಲ. ಪಕ್ಕದಲ್ಲೇ ಆ ಊರಿನ ಹೆಣ್ಣುಮಕ್ಕಳು ಮಕ್ಕಳನ್ನು ಆಡಿಸುತ್ತಾ ಕೂತಿರುತ್ತಾರೆ, ಅವರಿಗೆ ಮುಜುಗರ ಆಗಬಾರದು.

ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಹಾಕಿ. ಹವಾಯಿ ಚಪ್ಪಲಿ ಕಾಲಿನಿಂದ ಜಾರಿ ನೀರಿನಲ್ಲಿ ತೇಲಿ ಹೋಗುತ್ತದೆ, ಪಾಚಿ ಕಲ್ಲಿನ ಮೇಲೆ ಹಿಡಿತವೂ ಸಿಗುವುದಿಲ್ಲ. ಬೆಳ್ಳಿಯ ಕಾಲುಂಗುರ, ಗೆಜ್ಜೆ, ಉಡಿದಾರ ಮನೆಯಲ್ಲೇ ಬಿಚ್ಚಿಡಿ, ಗಂಧಕದ ನೀರು ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ಕಾಲುಂಗುರ ತೆಗೆಯಲು ಮನಸ್ಸಿಲ್ಲದಿದ್ದರೆ ಕಪ್ಪಾಗಲಿ ಬಿಡಿ, ಆಮೇಲೆ ಉಜ್ಜಿದರೆ ಹೋಗುತ್ತದೆ.

ಚೀಲದಲ್ಲಿ ಏನೇನು? ಎರಡು ಬೈರಾಸು, ಒಂದು ಜೊತೆ ಒಣಬಟ್ಟೆ, ಚಂಡಿ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಟೊಪ್ಪಿ, ಕೂರಲು ಚಾಪೆ, ಕಸ ತುಂಬಲು ಇನ್ನೊಂದು ಚೀಲ. ಕುಡಿಯುವ ನೀರು ತಲೆಗೆ ಎರಡು ಲೀಟರ್ ಇರಲಿ. ಮಸ್ಕತ್‌ನಲ್ಲಿ ಬೆವರು ಕಾಣುತ್ತದೆ, ಬೆಟ್ಟದ ಬದಿಯ ಒಣಗಾಳಿಯಲ್ಲಿ ಬೆವರು ಹಾಗೇ ಆರಿಹೋಗುತ್ತದೆ, ನಮ್ಮ ಕರಾವಳಿಯ ಜನಕ್ಕೆ ಬಾಯಾರಿದ್ದೇ ತಿಳಿಯುವುದಿಲ್ಲ. ತಿನ್ನಲು ಬನ್ಸ್ ಬಹಳ ಅನುಕೂಲ, ಹಿಂದಿನ ರಾತ್ರಿ ಕರಿದಿಟ್ಟರೂ ಹಾಳಾಗುವುದಿಲ್ಲ. ಚಿತ್ರಾನ್ನವೂ ಆಗುತ್ತದೆ. ತೆಂಗಿನಕಾಯಿ ಚಟ್ನಿ ಬೇಡ, ಕಾರಿನ ಬಿಸಿಗೆ ಹುಳಿಯಾಗುತ್ತದೆ. ಅಲ್ಲಿನ ಅಂಗಡಿಗಳಲ್ಲಿ ಲಬನ್ ಸಿಗುತ್ತದೆ, ನಮ್ಮ ಮಜ್ಜಿಗೆಯೇ, ಸ್ವಲ್ಪ ದಪ್ಪ. ಅದನ್ನು ತಗೊಳ್ಳಿ.

ಹಂತ 5: ದಾರಿ

ಮಸ್ಕತ್‌ನಿಂದ ನಖಲ್ ಸುಮಾರು 120 ಕಿಲೋಮೀಟರ್. ಸೀಬ್ ದಾಟಿ ಬರ್ಕಾ ತನಕ ಸಮುದ್ರಕ್ಕೆ ಸಮಾನಾಂತರವಾಗಿ ಹೋಗುತ್ತೀರಿ. ಬರ್ಕಾದ ಹತ್ತಿರ ಎಡಕ್ಕೆ, ಅಂದರೆ ಬೆಟ್ಟದ ಕಡೆಗೆ ತಿರುಗಿ. ಅಲ್ಲಿಂದ ಮೂವತ್ತು ಕಿಲೋಮೀಟರ್ ಆಸುಪಾಸು. ಬರ್ಕಾದಲ್ಲಿ ಹಲ್ವಾ ಅಂಗಡಿಗಳಿವೆ, ಕೇಸರಿ, ಏಲಕ್ಕಿ, ತುಪ್ಪ ಹಾಕಿ ಮಾಡುವ ಒಮಾನಿ ಹಲ್ವಾ. ತಗೊಳ್ಳುವುದಾದರೆ ವಾಪಸ್ ಬರುವಾಗ ತಗೊಳ್ಳಿ.

ರಸ್ತೆ ಪೂರ್ತಿ ಡಾಂಬರು, ಸಾದಾ ಕಾರು ಸಾಕು, ಫೋರ್ ವೀಲ್ ಬೇಕಿಲ್ಲ. ಗಾಡಿ ಓಡಿಸುವುದು ಬಲಬದಿಯಲ್ಲಿ. ಅಲ್ಲೇ ಕೆಲಸದಲ್ಲಿರುವವರು ಓಡಿಸಿದರೆ ಒಳ್ಳೆಯದು. ನೀವೇ ಬಾಡಿಗೆ ಕಾರು ತೆಗೆಯುವುದಾದರೆ ಊರಿನ ಆರ್‌ಟಿಓದಲ್ಲಿ ಅಂತಾರಾಷ್ಟ್ರೀಯ ಲೈಸೆನ್ಸ್ ಮಾಡಿಸಿಕೊಂಡು ಹೋಗಿ. ವೇಗದ ಕ್ಯಾಮರಾಗಳು ದಾರಿಯುದ್ದಕ್ಕೂ ಇವೆ. ಟ್ಯಾಕ್ಸಿಯಾದರೆ ಹೋಗಿ ಬರುವ ಬಾಡಿಗೆ, ಕಾಯುವ ಹೊತ್ತು ಎರಡನ್ನೂ ಹತ್ತುವ ಮುಂಚೆಯೇ ಮಾತಾಡಿ, ವಾಪಸ್ ಬರಲು ಅಲ್ಲಿ ಬೇರೆ ಟ್ಯಾಕ್ಸಿ ಸುಲಭಕ್ಕೆ ಸಿಗುವುದಿಲ್ಲ. ಕಿಸೆಯಲ್ಲಿ ಸಣ್ಣ ನೋಟು ಇರಲಿ. ಒಂದು ರಿಯಾಲ್‌ಗೆ ಸಾವಿರ ಬೈಸಾ.

ಮಳೆ ಬಂದರೆ

ಇದಕ್ಕೆ ಹಂತದ ನಂಬರ್ ಕೊಟ್ಟಿಲ್ಲ, ಯಾಕೆಂದರೆ ಇದು ಎಲ್ಲಾ ಹಂತಕ್ಕಿಂತ ಮೇಲಿನದು.

ನಾವು ಮಳೆಗೆ ಹೆದರುವ ಜನ ಅಲ್ಲ. ಆಟಿ ತಿಂಗಳಿನ ಜಡಿಮಳೆಯಲ್ಲಿ ಕೊಡೆ ಹಿಡಿದು ಪೇಟೆಗೆ ಹೋಗಿ ಬರುತ್ತೇವೆ. ಆ ಧೈರ್ಯವನ್ನು ಒಮಾನಿಗೆ ಕೊಂಡೊಯ್ಯಬೇಡಿ. ನಮ್ಮ ಮಣ್ಣು ನೀರು ಕುಡಿಯುತ್ತದೆ, ಮರಗಳು ತಡೆಯುತ್ತವೆ. ಅಲ್ಲಿನ ಬೆಟ್ಟ ಬರಿ ಕಲ್ಲು, ಬಿದ್ದ ಹನಿಯಷ್ಟೂ ಹಾಗೇ ಕೆಳಗೆ ಓಡಿ ಬರುತ್ತದೆ. ವಾದಿ ಅಂತ ಕರೆಯುವ ಒಣಹೊಳೆ ನೋಡಲು ಬರಿ ಕಲ್ಲಿನ ಬಯಲು, ಅದರಲ್ಲೇ ರಸ್ತೆ ಹಾದು ಹೋಗಿರುತ್ತದೆ. ನಿಮ್ಮ ತಲೆಯ ಮೇಲೆ ಬಿಸಿಲು ಇರಬಹುದು, ದೂರದ ಬೆಟ್ಟದಲ್ಲಿ ಮಳೆ ಬಿದ್ದರೆ ಸಾಕು, ಕೆಸರು ಕಲ್ಲು ಸೇರಿದ ನೀರು ನಿಮಿಷಗಳಲ್ಲಿ ಬಂದುಬಿಡುತ್ತದೆ. 2024ರ ಏಪ್ರಿಲ್‌ನ ಮಳೆಯಲ್ಲಿ ಒಮಾನಿನಲ್ಲಿ ಹೀಗೆ ಬಂದ ನೀರಿಗೆ ಸಿಕ್ಕಿ ಶಾಲಾ ಮಕ್ಕಳೂ ಸೇರಿ ಹಲವರು ತೀರಿಕೊಂಡರು.

ಹಿಂದಿನ ರಾತ್ರಿ ಹವಾಮಾನ ನೋಡಿ. ಬೆಟ್ಟದ ಕಡೆ ಮಳೆ ಅಂತ ಇದ್ದರೆ ಆ ದಿನ ಬಿಟ್ಟುಬಿಡಿ. ದಾರಿಯಲ್ಲಿ ವಾದಿ ಹರಿಯುತ್ತಿದ್ದರೆ ಈಚೆ ದಡದಲ್ಲೇ ನಿಲ್ಲಿ, ಅಳತೆಯ ಕಂಬದಲ್ಲಿ ನೀರು ಕೆಂಪು ಗೆರೆಯ ಹತ್ತಿರ ಬಂದಿದ್ದರಂತೂ ಕಾರು ಮುಂದಕ್ಕೆ ಹಾಕಲೇಬೇಡಿ. ಬೇರೆಯವರು ದಾಟಿದರು ಅಂತ ನೀವು ದಾಟಬೇಡಿ. ಹರಿಯುವ ವಾದಿಗೆ ಗಾಡಿ ಇಳಿಸುವುದು ಅಲ್ಲಿ ಕಾನೂನಿನ ಪ್ರಕಾರ ಅಪರಾಧವೂ ಹೌದು. ತುರ್ತಿಗೆ ಕರೆ ಮಾಡುವ ನಂಬರ್ 9999.

ಹಂತ 6: ನಖಲ್ ತಲುಪಿದ ಮೇಲೆ

ಮೊದಲು ಕಾಣುವುದು ಕೋಟೆ. ಬಂಡೆಯ ಮೇಲೆ ಬಂಡೆಯ ಆಕಾರಕ್ಕೇ ಹೊಂದಿಸಿ ಕಟ್ಟಿದ್ದು, 1990ರಲ್ಲಿ ದುರಸ್ತಿ ಮಾಡಿದ್ದಾರೆ. ಮೆಟ್ಟಿಲು ಹತ್ತಬಲ್ಲವರು ಬಿಸಿಲು ಏರುವ ಮುಂಚೆ ಕೋಟೆ ನೋಡಿಬಿಡಿ. ಮೇಲಿನಿಂದ ಖರ್ಜೂರದ ತೋಟ ಎಲ್ಲಿಂದ ಎಲ್ಲಿಯ ತನಕ ಹಬ್ಬಿದೆ, ಅದರಾಚೆ ಒಂದು ಗೆರೆ ಎಳೆದ ಹಾಗೆ ಹಸಿರು ಹೇಗೆ ನಿಂತುಹೋಗಿದೆ ಅಂತ ಕಾಣುತ್ತದೆ. ನೀರು ಎಲ್ಲಿಯ ತನಕ ಮುಟ್ಟುತ್ತದೋ ಅಲ್ಲಿಯ ತನಕ ಮಾತ್ರ ಮರ. ಈ ನೋಟ ಕಂಡ ಮೇಲೆ ಬುಗ್ಗೆಗೆ ಹೋದರೆ ನೀರನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಕೋಟೆಯಿಂದ ತೋಟದ ನಡುವೆ ಕಿರಿದಾದ ರಸ್ತೆಯಲ್ಲಿ ಎರಡೂವರೆ ಕಿಲೋಮೀಟರ್ ಹೋದರೆ ಐನ್ ಅಲ್ ಥವಾರಾ. ಎದುರು ಗಾಡಿ ಬಂದರೆ ಸ್ವಲ್ಪ ಕಷ್ಟ, ನಿಧಾನಕ್ಕೆ ಹೋಗಿ. ಯಾರ ಗೇಟಿನ ಎದುರೂ ಕಾರು ನಿಲ್ಲಿಸಬೇಡಿ.

ಇಳಿದ ಕೂಡಲೇ ನೀರಿಗೆ ಓಡಬೇಡಿ. ಐದು ನಿಮಿಷ ಸುಮ್ನೆ ನೋಡಿ. ಎಲ್ಲಿ ಗಂಡಸರು ಇದ್ದಾರೆ, ಎಲ್ಲಿ ಸಂಸಾರಗಳು ಕೂತಿವೆ, ಎಲ್ಲಿಂದ ಯಾರಾದರೂ ನೀರು ತುಂಬಿಸಿಕೊಳ್ಳುತ್ತಿದ್ದಾರಾ? ಹೆಂಗಸರೇ ಇರುವ ಕಡೆ ಗಂಡಸರು ಹೋಗಬೇಡಿ. ಹಿರಿಯರು ಕಂಡರೆ ಅಸ್ಸಲಾಮು ಅಲೈಕುಂ ಅಂತ ಹೇಳಿ. ಹಿಂದಿ ಅರ್ಥವಾಗುವವರು ಬಹಳ ಜನ ಇದ್ದಾರೆ, ಎಲ್ಲಿ ಇಳಿಯಬಹುದು ಅಂತ ಕೇಳಿದರೆ ಕೈ ತೋರಿಸುತ್ತಾರೆ, ಎಷ್ಟೋ ಸಲ ಖರ್ಜೂರ, ಕಾಫಿ ಕೊಟ್ಟು ಕೂರಿಸುತ್ತಾರೆ. ಕೊಟ್ಟರೆ ಬೇಡ ಅನ್ನಬೇಡಿ, ಬಲಗೈಯಲ್ಲಿ ತಗೊಳ್ಳಿ. ನಿಮ್ಮ ಬನ್ಸ್ ಅವರಿಗೂ ಕೊಡಿ. ಫೋಟೋ ತೆಗೆಯುವಾಗ ಚೌಕಟ್ಟಿನಲ್ಲಿ ಬೇರೆಯವರ ಮನೆಯ ಹೆಂಗಸರು, ಮಕ್ಕಳು ಬರದ ಹಾಗೆ ನೋಡಿಕೊಳ್ಳಿ.

ಬುಗ್ಗೆಯ ನೀರು ಕಾಲುವೆಯಲ್ಲಿ ಹರಿದು ತೋಟಕ್ಕೆ ಹೋಗುತ್ತದೆ. ಈ ಕಾಲುವೆಗೆ ಅಲ್ಲಿ ಫಲಜ್ ಅನ್ನುತ್ತಾರೆ. ಒಮಾನಿನಲ್ಲಿ ಸುಮಾರು 3,000 ಫಲಜ್‌ಗಳು ಈಗಲೂ ಬಳಕೆಯಲ್ಲಿವೆ. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಆ ಐದರಲ್ಲಿ ಒಂದಾದ ಅಲ್ ಮುಯಸ್ಸರ್ ರುಸ್ತಾಕ್‌ನಲ್ಲೇ ಇದೆ. ಕೆಲವು ಫಲಜ್‌ಗಳಿಗೆ ಮೂಲ ಹೀಗೆ ಬುಗ್ಗೆ, ಕೆಲವಕ್ಕೆ ವಾದಿಯ ನೀರು, ಇನ್ನು ಕೆಲವು ನೆಲದೊಳಗೆ ಕಿಲೋಮೀಟರ್‌ಗಟ್ಟಲೆ ಕೊರೆದ ಸುರಂಗ. ನಮ್ಮ ಬಂಟ್ವಾಳ, ಕಾಸರಗೋಡು ಕಡೆಯ ಅಡಿಕೆ ತೋಟಗಳಲ್ಲಿ ಗುಡ್ಡ ಕೊರೆದು ಮಾಡಿದ ಸುರಂಗ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ವ್ಯತ್ಯಾಸ, ನಮ್ಮ ಸುರಂಗದ ನೀರು ಸಾಮಾನ್ಯವಾಗಿ ಒಂದು ಮನೆಯದ್ದು, ಫಲಜ್ ಇಡೀ ಊರಿನದ್ದು.

ಊರಿನದ್ದು ಆದ್ದರಿಂದಲೇ ಅದಕ್ಕೊಂದು ಕ್ರಮ ಇದೆ. ಊರೊಳಗೆ ಬಂದ ನೀರು ಮೊದಲು ಕುಡಿಯುವುದಕ್ಕೆ. ಆಮೇಲೆ ಮಸೀದಿಗೆ, ಸ್ನಾನಕ್ಕೆ, ತೊಳೆಯುವುದಕ್ಕೆ. ಕೊನೆಗೆ ತೋಟಕ್ಕೆ. ತೋಟದ ಪಾಲು ಗಂಟೆಯ ಲೆಕ್ಕದಲ್ಲಿ, ಅರ್ಧ ಗಂಟೆಯ ಒಂದು ಪಾಲಿಗೆ ಅಥರ್ ಅಂತ ಹೆಸರು. ಗಡಿಯಾರ ಇಲ್ಲದ ಕಾಲದಲ್ಲಿ ಹಗಲು ಕೋಲಿನ ನೆರಳು, ರಾತ್ರಿ ನಕ್ಷತ್ರ ನೋಡಿ ಪಾಲು ಬದಲಿಸುತ್ತಿದ್ದರು. ಇಷ್ಟು ಶ್ರದ್ಧೆಯಿಂದ ಹಂಚಿಕೊಂಡ ನೀರಿಗೆ ನಾವು ಹೋಗಿ ಶಾಂಪೂ ಸುರಿದರೆ ಹೇಗೆ ಹೇಳಿ? ಹಾಗಾಗಿ ಸೋಪು ಬೇಡ, ಶಾಂಪೂ ಬೇಡ, ಎಣ್ಣೆ ಹಚ್ಚಿಕೊಂಡು ಇಳಿಯುವುದೂ ಬೇಡ. ನೀರು ನೆಲದಿಂದ ಉಕ್ಕುವ ಬಾಯಿಯ ಹತ್ತಿರ ಕಾಲು ಹಾಕಬೇಡಿ, ಅದರ ಕೆಳಗಡೆ, ಜನ ಕೂರುವಲ್ಲಿ ಕೂರಿ. ಕಾಲುವೆಯ ಅಡ್ಡ ಹಲಗೆ, ಕಲ್ಲು ಏನಿದ್ದರೂ ಮುಟ್ಟಬೇಡಿ. ಮಕ್ಕಳು ಕಲ್ಲು ಜೋಡಿಸಿ ಕಟ್ಟ ಕಟ್ಟುವ ಆಟ ಶುರು ಮಾಡುತ್ತಾರೆ, ತಡೆಯಿರಿ. ಯಾರದೋ ತೋಟಕ್ಕೆ ಆ ಹೊತ್ತಿನಲ್ಲಿ ನೀರಿನ ಸರದಿ ನಡೆಯುತ್ತಿರುತ್ತದೆ.

ಹಂತ 7: ನೀರಿಗೆ ಇಳಿಯುವುದು

ಮೊದಲು ಒಂದು ಲೋಟ ನೀರು ಕುಡಿಯಿರಿ. ಕೈಯಿಂದ ಬಿಸಿ ನೋಡಿ. ಪಾದ, ಆಮೇಲೆ ಮೊಣಕಾಲು, ಆಮೇಲೆ ಬೇಕಿದ್ದರೆ ಕೂರುವುದು. ಮೊದಲ ಸಲಕ್ಕೆ ಹತ್ತು ನಿಮಿಷ ಸಾಕು. ಎದ್ದು ಮರದ ನೆರಳಿನಲ್ಲಿ ಹತ್ತು ಹದಿನೈದು ನಿಮಿಷ ಕೂತು, ಮತ್ತೆ ನೀರು ಕುಡಿದು, ಮೈ ಹಗುರ ಅನಿಸಿದರೆ ಇನ್ನೊಮ್ಮೆ ಇಳಿಯಿರಿ. ತಲೆ ಸುತ್ತು, ಎದೆ ಹೊಡೆದುಕೊಳ್ಳುವುದು, ವಾಕರಿಕೆ, ಇವುಗಳಲ್ಲಿ ಯಾವುದು ಬಂದರೂ ನಿಧಾನಕ್ಕೆ ಎದ್ದು ಹೊರಗೆ ಬನ್ನಿ, ಆ ದಿನಕ್ಕೆ ಅಷ್ಟೇ.

ತಲೆ ಮುಳುಗಿಸಬೇಡಿ, ಮೂಗಿಗೆ ನೀರು ಏರಿಸಬೇಡಿ. ಕೇರಳದಲ್ಲಿ ಮಿದುಳು ತಿನ್ನುವ ಅಮೀಬಾದ ಸುದ್ದಿ 2024, 2025ರಲ್ಲಿ ನಾವೆಲ್ಲ ಓದಿದ್ದೇವೆ. ಅದು ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುವ ಜೀವಿ, ಮೈಯೊಳಗೆ ಹೋಗುವುದು ಮೂಗಿನ ಮೂಲಕ. ಕಾಯಿಲೆ ಬಹಳ ಅಪರೂಪ, ಆದರೆ ಬಂದರೆ ಉಳಿಯುವುದು ಕಷ್ಟ. ಜಗತ್ತಿನ ಯಾವ ಬೆಚ್ಚಗಿನ ಬುಗ್ಗೆಗೆ ಹೋದರೂ ಮುಖ ನೀರಿನ ಮೇಲೆಯೇ ಇರಲಿ. ಮಕ್ಕಳು ಮುಖಕ್ಕೆ ನೀರು ಎರಚಾಡುವ ಆಟಕ್ಕೂ ಇಲ್ಲಿ ಬೇಡ ಅನ್ನಿ. ಕಾಂಟಾಕ್ಟ್ ಲೆನ್ಸ್ ಇದ್ದರೆ ತೆಗೆದಿಟ್ಟು ಕನ್ನಡಕ ಹಾಕಿ.

ನೀರು ಸ್ವಲ್ಪ ತಣಿದ ಕಡೆ ಸಣ್ಣ ಮೀನುಗಳು ಬಂದು ಪಾದ ಕಚ್ಚಬಹುದು. ಕಚಗುಳಿ ಅಷ್ಟೇ, ನೋಯುವುದಿಲ್ಲ. ಮಕ್ಕಳಿಗೆ ಇಡೀ ದಿನದಲ್ಲಿ ಹೆಚ್ಚು ನೆನಪು ಉಳಿಯುವುದು ಇದೇ.

ಹಂತ 8: ರುಸ್ತಾಕ್, ಶಕ್ತಿ ಇದ್ದರೆ

ನಖಲ್‌ನಿಂದ ಬೆಟ್ಟದ ಬುಡವನ್ನೇ ಹಿಡಿದು ಹೋಗುವ ರಸ್ತೆ ರುಸ್ತಾಕ್‌ಗೆ ತಲುಪಿಸುತ್ತದೆ, ಮುಕ್ಕಾಲು ಗಂಟೆಯ ಮೇಲೆ ಬೇಕು. ಇದು ಹಳೆಯ ರಾಜಧಾನಿ. 1624ರಲ್ಲಿ ನಾಸಿರ್ ಬಿನ್ ಮುರ್ಶಿದ್ ಇಮಾಮರಾಗಿ ಆಳ್ವಿಕೆ ಶುರು ಮಾಡಿದ್ದು ಇಲ್ಲಿಂದಲೇ. ಅವರ ಯಾರೂಬಿ ವಂಶದವರೇ ಮುಂದೆ ಮಸ್ಕತ್‌ನಿಂದ ಪೋರ್ಚುಗೀಸರನ್ನು ಓಡಿಸಿದ್ದು. ಅಬ್ಬಕ್ಕನ ಉಳ್ಳಾಲದವರಿಗೆ ಈ ಕತೆ ಹತ್ತಿರದ್ದು ಅನಿಸುತ್ತದೆ.

ಐನ್ ಅಲ್ ಕಸ್ಫಾದ ನೀರು ನಖಲ್‌ಗಿಂತ ಬಿಸಿ, ಸುಮಾರು 45 ಡಿಗ್ರಿ. ಇದನ್ನು ಹಗುರವಾಗಿ ತಗೊಳ್ಳಬೇಡಿ, ಬಿಸಿನೀರಿನ ತೊಟ್ಟಿಗಳಿಗೆ 40 ಡಿಗ್ರಿಯೇ ಮೇಲಿನ ಮಿತಿ ಅಂತ ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ. ಗಂಧಕದ ನೀರು ಚರ್ಮಕ್ಕೆ, ಗಂಟುನೋವಿಗೆ ಒಳ್ಳೆಯದು ಅಂತ ಜನ ದೂರದಿಂದ ಬರುತ್ತಾರೆ, ಸ್ನಾನಕ್ಕೆ ಮರೆಯ ವ್ಯವಸ್ಥೆಯೂ ಇದೆ. ಬಿಸಿಗೆ ಗಂಟುನೋವು ಆ ಹೊತ್ತಿಗೆ ಸಡಿಲವಾಗುವುದು ನಿಜ. ಹಾಗಂತ ಮನೆಯ ಮಾತ್ರೆ ಬಿಡಬೇಡಿ. ನನ್ನನ್ನು ಕೇಳಿದರೆ ಇಲ್ಲಿ ಐದು ನಿಮಿಷ ಕಾಲು ಮಾತ್ರ ಇಡಿ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಬುಗ್ಗೆಯ ಹತ್ತಿರ ಬೇಡ, ಕಾಲುವೆಯಲ್ಲಿ ದೂರ ಹರಿದು ತಣಿದ ನೀರು ಮುಟ್ಟಿದರೆ ಸಾಕು.

ವಾಪಸ್ ಹೊರಡುವಾಗ

ಚಂಡಿ ಬಟ್ಟೆಯಲ್ಲಿ ಎಸಿ ಕಾರಿನಲ್ಲಿ ಕೂರಬೇಡಿ, ಬದಲಾಯಿಸಿ. ಬಿಸಿನೀರಿನ ನಂತರ ನಿದ್ದೆ ಎಳೆಯುತ್ತದೆ, ಗಾಡಿ ಓಡಿಸುವವರು ಅರ್ಧ ಗಂಟೆ ವಿಶ್ರಾಂತಿ ತಗೊಂಡೇ ಹೊರಡಲಿ. ಅವರು ನೀರಿಗೆ ಕಾಲು ಮಾತ್ರ ಇಟ್ಟರೆ ಇನ್ನೂ ಒಳ್ಳೆಯದು. ಚಾಪೆ ಎತ್ತಿದ ಮೇಲೆ ಕೂತ ಜಾಗ ಒಮ್ಮೆ ತಿರುಗಿ ನೋಡಿ, ಬಾಳೆಹಣ್ಣಿನ ಸಿಪ್ಪೆಯಿಂದ ಹಿಡಿದು ಎಲ್ಲಾ ಚೀಲಕ್ಕೆ ಹಾಕಿ. ಕತ್ತಲಾಗುವ ಮುಂಚೆ ದೊಡ್ಡ ರಸ್ತೆ ಸೇರಿಕೊಳ್ಳಿ, ಒಳರಸ್ತೆಯಲ್ಲಿ ಆಡು, ಕೆಲವೊಮ್ಮೆ ಒಂಟೆ ಅಡ್ಡ ಬರುತ್ತವೆ. ಮನೆಗೆ ಬಂದು ಸಾದಾ ನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಅದೇ ರಾತ್ರಿ ನೆನೆಸಿ, ಇಲ್ಲದಿದ್ದರೆ ಗಂಧಕದ ವಾಸನೆ ಬಿಡುವುದಿಲ್ಲ.

ಮಕ್ಕಳು ಮಸ್ಕತ್‌ನಲ್ಲಿ ಅಲ್ಲ, ಯುಎಇಯಲ್ಲಿ ಇದ್ದಾರೆ ಅನ್ನುವವರು ಅಲ್ ಐನ್ ಊರಿಗೆ ಹೋಗಿ. ಜಬೆಲ್ ಹಫೀತ್ ಬೆಟ್ಟದ ಬುಡದಲ್ಲಿ ಗ್ರೀನ್ ಮುಬಝರಾ ಅನ್ನುವ ಹುಲ್ಲುಹಾಸಿನ ಪಾರ್ಕ್ ಇದೆ, ಕಾಲುವೆಯಲ್ಲಿ ಬಿಸಿನೀರು ಹರಿಯುತ್ತದೆ, ಅಂಚಿನಲ್ಲಿ ಕೂತು ಕಾಲು ಇಳಿಬಿಡಬಹುದು. ದುಬೈಯಿಂದ ಒಂದೂವರೆ ಗಂಟೆಯ ದಾರಿ. ನಡೆಯಲು ಕಷ್ಟ ಇರುವ ಹಿರಿಯರಿಗೆ ನಖಲ್‌ಗಿಂತ ಅದೇ ಸಲೀಸು, ಕಾರಿನಿಂದ ನೀರಿಗೆ ಕೆಲವೇ ಹೆಜ್ಜೆ, ನೆಲವೂ ಸಮತಟ್ಟು. ಬಟ್ಟೆ, ನೀರು, ಹೊತ್ತಿನ ಬಗ್ಗೆ ಮೇಲೆ ಹೇಳಿದ್ದೆಲ್ಲ ಅಲ್ಲಿಗೂ ಅನ್ವಯಿಸುತ್ತದೆ.